ಪಶುವೈದ್ಯರು ಮನೆಯವರಿಗೆ ಎಷ್ಟು ಸಿಗುತ್ತಿದ್ದರು?

ತಂದೆಯವರು ತೀರಿಕೊಂಡ ಮೇಲೆ ಮಾತಿಗೆ ಸಿಕ್ಕವರಲ್ಲಿ ಬಹಳ ಜನ, ಅವರ ವೃತ್ತಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಆಮೇಲೆ ಸ್ವಲ್ಪ ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳುತ್ತಾರೆ. ಹಗಲು ರಾತ್ರಿಯೆನ್ನದೆ ದನಗಳ ಹಿಂದೆ ಹೋಗುತ್ತಿದ್ದ ಪಶುವೈದ್ಯರು ಹೆಂಡತಿ ಮಕ್ಕಳಿಗೆ ಎಷ್ಟು ಸಿಗುತ್ತಿದ್ದರು? ಕಡಿಮೆ ಸಿಗುತ್ತಿದ್ದರು ಎಂಬುದೇ ನೇರ ಉತ್ತರ. ಆದರೂ ನನ್ನ ಮಟ್ಟಿಗೆ ಅದು ದೂರಾಗಿ ಬೆಳೆಯದಿರಲು ಕಾರಣ, ನಡೆಸಿಕೊಡಲಾಗದ ಮಾತನ್ನು ಅವರು ಯಾರಿಗೂ, ಮನೆಯವರಿಗೂ ದನದ ಒಡೆಯರಿಗೂ, ಕೊಡುತ್ತಿರಲಿಲ್ಲ ಎಂಬುದು.

ಕೊಟ್ಟಿಗೆಯಲ್ಲಿ ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಈದ ಒಂದೆರಡು ದಿನಗಳಲ್ಲೇ ಹಾಲು ಜ್ವರ ಬಂದು ಬಿದ್ದ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿರುತ್ತದೆ, ಕಿವಿಗಳು ತಣ್ಣಗಿರುತ್ತವೆ, ಸುಮಾರು 38.5 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಮೈಯ ಬಿಸಿ ಅದಕ್ಕಿಂತ ಕೆಳಗೇ ಇಳಿದಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಒಮ್ಮೆಲೇ ಕುಸಿಯುವುದೇ ಇದಕ್ಕೆ ಕಾರಣ. ಕ್ಯಾಲ್ಸಿಯಂ ಬೋರೋಗ್ಲುಕೋನೇಟನ್ನು ಕತ್ತಿನ ರಕ್ತನಾಳದ ಮೂಲಕ ಅವಸರದಿಂದ ಹರಿಸಿದರೆ ಹೃದಯವೇ ನಿಂತುಹೋಗಬಹುದಾದ್ದರಿಂದ, ಅವರು ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಟೆತಾಸ್ಕೋಪನ್ನು ಎದೆಗೆ ಒತ್ತಿ, ಬಡಿತ ಸ್ವಲ್ಪ ತಪ್ಪಿದರೂ ಬಾಟಲಿಯನ್ನು ಕೆಳಗಿಳಿಸುತ್ತಿದ್ದರು. ಮೈ ನಡುಗುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ, ಕೆಲವೊಮ್ಮೆ ಬಾಟಲಿ ಮುಗಿಯುವುದರೊಳಗೇ ಎದ್ದು ನಿಲ್ಲುತ್ತದೆ. ನೋಡಿದವರಿಗೆ ಅದು ಪವಾಡವೇ. ಒಡೆಯರು ಕೈಮುಗಿಯುವ ಆ ಹೊತ್ತಿನಲ್ಲೇ ಅವರು, ನಾಳೆ ಮತ್ತೆ ಬೀಳಬಹುದು, ಬಿದ್ದರೆ ತಡಮಾಡದೆ ಹೇಳಿ ಕಳಿಸಿ ಎನ್ನುತ್ತಿದ್ದರು. ಬಹಳ ಹಸುಗಳು ಹಾಗೆ ಮತ್ತೆ ಬೀಳುವುದೂ ಉಂಟು.

ಮನೆಯಲ್ಲಿಯೂ ಅದೇ ಧಾಟಿ. ಶಾಲೆಯ ಕಾರ್ಯಕ್ರಮಕ್ಕೆ ಬರುತ್ತೀರಾ ಎಂದು ಕೇಳಿದರೆ, ಕರೆ ಬರದಿದ್ದರೆ ಖಂಡಿತ ಬರುತ್ತೇನೆ ಎಂಬುದಷ್ಟೇ ಉತ್ತರ. ಕರು ಹೊಟ್ಟೆಯಲ್ಲಿ ತಲೆಯನ್ನು ಹಿಂದಕ್ಕೆ ತಿರುಗಿಸಿಕೊಂಡಿದ್ದರೆ ಎಷ್ಟು ಎಳೆದರೂ ಹೊರಬರುವುದಿಲ್ಲ, ಮೊದಲು ಅದನ್ನು ಒಳಕ್ಕೆ ತಳ್ಳಿ, ತಲೆಯನ್ನು ಮುಂಗಾಲುಗಳ ಮೇಲಕ್ಕೆ ತಂದುಕೊಂಡು ಆಮೇಲೆ ಎಳೆಯಬೇಕು, ಅದಕ್ಕೆ ಅರ್ಧ ಗಂಟೆಯೋ ಅರ್ಧ ರಾತ್ರಿಯೋ ಯಾರು ಹೇಳಬಲ್ಲರು ಎಂದು ವಿವರಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಇಂಥ ವಿವರಣೆ ಬೇಕಿರಲಿಲ್ಲ ಎಂದು ಅಮ್ಮ ಗದರುತ್ತಿದ್ದದ್ದೂ ನಿಜ.

ಅಮ್ಮನ ಪಾಲನ್ನು ಇಲ್ಲಿ ಹೇಳದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ಅಪ್ಪ ಇಲ್ಲದಾಗ ಫೋನ್ ಎತ್ತುತ್ತಿದ್ದವರು ಅಮ್ಮ. ಹಸು ಎದ್ದು ನಿಂತಿದೆಯೇ, ಮೆಲುಕು ಹಾಕುತ್ತಿದೆಯೇ, ಈದು ಎಷ್ಟು ದಿನವಾಯಿತು, ಎಡ ಹೊಟ್ಟೆ ಉಬ್ಬಿದೆಯೇ ಎಂದು ವಿಚಾರಿಸಿ, ಯಾವುದು ತಕ್ಷಣದ್ದು, ಯಾವುದು ಬೆಳಗಿನ ತನಕ ಕಾಯಬಹುದು ಎಂದು ಬರೆದಿಡುತ್ತಿದ್ದರು. ಹೊಟ್ಟೆಯುಬ್ಬರ ಕಾಯುವ ರೋಗವಲ್ಲವೆಂದು ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ಅಪ್ಪನ ಹೆಸರಿನಲ್ಲಿ ಉಳಿದ ಕೀರ್ತಿಯ ದೊಡ್ಡ ಪಾಲು ಆ ಚೀಟಿಗಳದು ಎಂದೇ ನನ್ನ ಅಭಿಪ್ರಾಯ.

ಅಪ್ಪ ಮನೆಗೆ ಬಂದ ಕೂಡಲೇ ನಾವು ಓಡಿಹೋಗಿ ತಬ್ಬಿಕೊಳ್ಳುವಂತಿರಲಿಲ್ಲ. ಕಂದು ರೋಗ, ಅಂದರೆ ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ಸೋಂಕು, ಇರುವ ಹಸುವಿನ ಮಾಸು ತೆಗೆದ ಕೈಯಿಂದ ಆ ಸೋಂಕು ಮನುಷ್ಯರಿಗೂ ತಗಲುತ್ತದೆ. ಆದ್ದರಿಂದ ಮೊದಲು ಸ್ನಾನ, ಬಟ್ಟೆ ಬೇರೆ ಬಕೆಟ್ಟಿಗೆ, ಆಮೇಲೆ ಮಕ್ಕಳು.

ದೊಡ್ಡರೋಗದ, ಅಂದರೆ ದನಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ಎಂಬ ಸಾಂಕ್ರಾಮಿಕದ, ಲಸಿಕೆಯ ಕಾಲದ ಒಂದು ಸಂಗತಿಯನ್ನು ಮಾತ್ರ ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನು ರೂಪಿಸಿದ ಪಶುವೈದ್ಯ ವಿಜ್ಞಾನಿ ವಾಲ್ಟರ್ ಪ್ಲೋರೈಟ್ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ತಂದುಕೊಟ್ಟ ಆ ಲಸಿಕೆಯನ್ನು ಒಮ್ಮೆ ಹಾಕಿದರೆ ದನಕ್ಕೆ ದೀರ್ಘಕಾಲದ ರಕ್ಷಣೆ ಸಿಗುತ್ತಿತ್ತು. ಆದರೆ ಅದನ್ನು ತಂಪಿನಲ್ಲೇ ಸಾಗಿಸಬೇಕಿತ್ತು. ಒಮ್ಮೆ ಪೆಟ್ಟಿಗೆಯ ಮಂಜುಗಡ್ಡೆ ಪೂರ್ತಿ ಕರಗಿತ್ತು, ದನಗಳು ಸಾಲಾಗಿ ನಿಂತಿದ್ದವು, ಇವರು ಒಂದಕ್ಕೂ ಚುಚ್ಚಲಿಲ್ಲ. ಕೆಟ್ಟ ಲಸಿಕೆಯಿಂದ ದನಕ್ಕಾಗುವುದಕ್ಕಿಂತ, ಲಸಿಕೆ ಆಗಿದೆಯೆಂದು ನಂಬಿ ಮನೆಗೆ ಹೋಗುವ ಒಡೆಯನಿಗಾಗುವ ನಷ್ಟ ದೊಡ್ಡದು ಎಂಬುದು ಅವರ ವಾದ. ಬೈಗುಳ ತಿಂದರು, ಮತ್ತೊಂದು ದಿನ ಹೊಸ ಲಸಿಕೆಯೊಂದಿಗೆ ಹೋದರು. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾದಾಗ ಅವರು ನಿವೃತ್ತರಾಗಿದ್ದರು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗವದು. ಆ ಸುದ್ದಿಯನ್ನು ಓದಿ ಪತ್ರಿಕೆಯನ್ನು ಅಮ್ಮನ ಕೈಗೆ ಕೊಟ್ಟರು.

ನಿವೃತ್ತಿಯ ನಂತರ ಮೊಮ್ಮಕ್ಕಳಿಗೆ ಅವರು ಧಾರಾಳವಾಗಿ ಸಿಕ್ಕರು. ತಮ್ಮದೇ ಕಾಯಿಲೆ ಬಂದಾಗ ವೈದ್ಯರನ್ನು ಸುತ್ತಿ ಬಳಸದೆ ಕೇಳಿ, ಕೇಳಿದ್ದನ್ನು ಅದೇ ಸಂಜೆ ನಮ್ಮೆಲ್ಲರಿಗೂ ಹೇಳಿ, ಬ್ಯಾಂಕಿನ ಕಾಗದಪತ್ರಗಳು ಎಲ್ಲಿವೆಯೆಂದು ತೋರಿಸಿದರು.

ಇದೇ ಪ್ರಶ್ನೆಯನ್ನು ನನ್ನ ತಂಗಿಗೆ ಕೇಳಿದರೆ ಉತ್ತರ ಬೇರೆ ಬರುತ್ತದೆ. ಮಾತು ತಪ್ಪದಿದ್ದರೆ ಸಾಕೇ, ಪಕ್ಕದಲ್ಲಿ ಇರಬೇಕಾಗಿತ್ತು ಎನ್ನುತ್ತಾಳೆ. ಅವಳು ಹೇಳುವುದನ್ನು ನಾನು ಅಲ್ಲಗಳೆಯಲಾರೆ.