ಡ್ಯಾನಿಶ್ ಉಚ್ಚಾರಣೆಗೆ ಕನ್ನಡ ಅಕ್ಷರ: ಕೆಲಸ ಎಲ್ಲಿಗೆ ಬಂತು

ಕೋಪನ್‌ಹೇಗನ್‌ಗೆ ಬಂದ ಮೇಲೆ ಒಂದು ನೋಟ್‌ಬುಕ್ ಶುರು ಮಾಡಿದ್ದೆ. ಡ್ಯಾನಿಶ್ ಪದಗಳನ್ನು ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಳ್ಳಲು. ಇಲ್ಲಿನ ಬರಹವನ್ನು ನಂಬಿ ಓದಿದರೆ ಕೇಳಿದವರಿಗೆ ಅರ್ಥವಾಗುವುದಿಲ್ಲ. ‘ಅಮಾಗೆರ್’ ಎಂದು ಬರೆಯುವ ದ್ವೀಪ ಬಾಯಲ್ಲಿ ‘ಅಮಾ’. ‘ಖಂಡಿತ’ ಎನ್ನಲು 12 ಅಕ್ಷರಗಳ ಪದವಿದೆ, ಮಾತಿನಲ್ಲಿ ಅದು ‘ಸೆಫ಼ೋಲಿ’ ಅಷ್ಟೇ.

ಪ, ತ, ಕ ಭಾಗ ಮುಗಿದಿದೆ. ಇಲ್ಲಿ ನಮ್ಮ ಮಹಾಪ್ರಾಣ ತುಂಬಾ ನೆರವಾಯಿತು. ಪದದ ಮೊದಲಲ್ಲಿ ಬರುವ ಡ್ಯಾನಿಶ್ ‘ಬಿ’ ನಮ್ಮ ಕಿವಿಗೆ ನೇರವಾಗಿ ಪ. ‘ಪಿ’ ಬಂದರೆ ಉಸಿರು ತುಂಬಿದ ಫ. ‘ಪೇರ’ ಎಂದರೆ ಹೊರುವುದು, ‘ಫೇರ’ ಎಂದರೆ ಪೇರ್ ಹಣ್ಣು. ಹಾಗಾಗಿ ಇಂಗ್ಲಿಷ್ ‘ಎಫ್’ ಸದ್ದಿಗೆ ಎರಡು ಚುಕ್ಕೆಯ ಫ಼ ಬೇಕೇ ಬೇಕು. ‘ಟಿ’ಗೆ ಸ್ವಲ್ಪ ಸಕಾರ ಸೇರುತ್ತದೆ: ಚಹಾ ಇಲ್ಲಿ ‘ತ್ಸೇ’.

ಸ್ವರಗಳಲ್ಲಿ ಹೊಸವು ಹಲವು ಇವೆ, ಅವುಗಳಲ್ಲಿ ಎರಡು ಇವು. ತುಟಿಯನ್ನು ಊ ಹಾಗೆ ಇಟ್ಟು ಈ ಅನ್ನಬೇಕು. ಓ ಹಾಗೆ ಇಟ್ಟು ಏ ಅನ್ನಬೇಕು.

ಈಗ ಜಾಸ್ತಿ ಹೊತ್ತು ಹೋಗುತ್ತಿರುವುದು ಮೆತ್ತನೆಯ ‘ಡಿ’ಗೆ. ಊಟಕ್ಕೆ ಹೇಳುವ ‘ಮ್ಯಾದ್’ನ ಕೊನೆಯಲ್ಲಿ ಇರುವುದು ಅದೇ. ಹೊರಗಿನವರ ಕಿವಿಗೆ ಅದು ಲ ಹಾಗೆ ಕೇಳುತ್ತದೆ, ಆದರೆ ಲ ಅಲ್ಲ. ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆ ಸುಮ್ನೆ ಇರಬೇಕು. ನಾಲಿಗೆಯ ಮೈ ಮೇಲೇಳಬೇಕು, ಎಲ್ಲೂ ತಾಕಬಾರದು. ದನಿ ನಿಲ್ಲಬಾರದು. ವಿದೇಶಿಯರ ಕೈಲಿ ಡೇನರು ಹೇಳಿಸುವ ‘ರೋದ್‌ಗ್ರೋದ್ ಮೆದ್ ಫ಼್ಲೋದೆ’ಯಲ್ಲಿ ಇದು ನಾಲ್ಕು ಸಲ ಬರುತ್ತದೆ. ಅದು ಕೆಂಪು ಹಣ್ಣುಗಳ ಗಂಜಿ, ಮೇಲೆ ಕೆನೆ. ತಿನ್ನಲೂ ಚೆನ್ನಾಗಿರುತ್ತದೆ! ಕನ್ನಡದಲ್ಲಿ ಇದಕ್ಕೆ ಅಕ್ಷರ ಇಲ್ಲ ಅಲ್ವಾ, ಸದ್ಯಕ್ಕೆ ದ ಕೆಳಗೆ ಗೆರೆ ಎಳೆಯುತ್ತಿದ್ದೇನೆ.

ಮುಂದಿನದು ‘ಸ್ಟೋದ್’. ಅದರ ಕೊನೆಗೂ ಅದೇ ಮೆತ್ತನೆಯ ದ. ಪದದ ನಡುವೆ ಗಂಟಲಲ್ಲಿ ದನಿ ಒಂದು ಗಳಿಗೆ ಬಿಗಿಯುವುದು ಇದು. ‘ಹುನ್’ ಎಂದರೆ ಅವಳು. ಅದನ್ನೇ ಬಿಗಿದು ಹೇಳಿದರೆ ನಾಯಿ. ಬರಹದಲ್ಲಿ ನಾಯಿಗೆ ಕೊನೆಯಲ್ಲಿ ಒಂದು ‘ಡಿ’ ಇದೆ, ಬಾಯಲ್ಲಿ ಇಲ್ಲ. ಬೋರ್ನ್‌ಹೋಲ್ಮ್ ದ್ವೀಪದ ಮಾತಿನಲ್ಲಿ ಈ ಬಿಗಿತವೇ ಇಲ್ಲ.

ಇಂಥ ಜೋಡಿಗಳನ್ನು ಈಗ ಕೂಡಿಹಾಕುತ್ತಿದ್ದೇನೆ. ಒಂದೊಂದನ್ನೂ ಇಲ್ಲಿನವರ ದನಿಯಲ್ಲಿ ರೆಕಾರ್ಡ್ ಮಾಡಬೇಕು. ಓರ್ಹುಸ್, ಓಡೆನ್ಸ ಕಡೆಯ ಕನ್ನಡಿಗರು ನಿಮ್ಮ ಊರಿನ ಜೋಡಿಗಳನ್ನೂ ಕಳಿಸಿದರೆ ಪಟ್ಟಿಗೆ ಸೇರಿಸುತ್ತೇನೆ.