ತಿರುವಿಗೆ ಮುಂಚಿನ ಹತ್ತು ಮೀಟರ್

ಭಾನುವಾರ ಬೆಳಗ್ಗೆ ಆರೂಕಾಲು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಹಾಲಿನ ವ್ಯಾನು, ಪೇಪರ್ ಹಾಕುವ ಹುಡುಗರು ಬಿಟ್ಟರೆ ಯಾರೂ ಇಲ್ಲ. ರಾತ್ರಿ ಹನಿದ ಮಳೆಗೆ ಡಾಂಬರು ಕಪ್ಪಗೆ ಹೊಳೆಯುತ್ತಿದೆ. ಸ್ಟಾರ್ಟ್ ಗೆರೆಯ ಹಿಂದೆ ಸೇರಿದ ಸೈಕಲ್‌ಗಳಲ್ಲಿ ಅರ್ಧಕ್ಕರ್ಧ ಮೊದಲ ಸಲ ರೇಸಿಗೆ ನಿಂತವು. ಹಾಗೆಂದು ಅವರ ಕಾಲಿನಲ್ಲಿ ದಮ್ಮಿಲ್ಲ ಎಂದಲ್ಲ. ಕೈಮರ ದಾಟಿ 1,930 ಮೀಟರಿನ ಮುಳ್ಳಯ್ಯನಗಿರಿಯ ಕಡೆಗೆ ವಾರವಾರ ಹತ್ತುವವರೇ ಬಹಳ. ಆದರೂ ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಅವರಲ್ಲಿ ಎಷ್ಟೋ ಮಂದಿ ಗುಂಪಿನಿಂದ ಕಳಚಿಕೊಂಡಿರುತ್ತಾರೆ. ಗುಡ್ಡದ ರೇಸನ್ನು ಕಾಲು ನಿರ್ಧರಿಸುತ್ತದೆ, ಪೇಟೆಯ ರೇಸನ್ನು ತಿರುವು ನಿರ್ಧರಿಸುತ್ತದೆ.

ಲೆಕ್ಕ ಸರಳ. ಎರಡು ಕಿಲೋಮೀಟರಿನ ಸುತ್ತು, ಅದರಲ್ಲಿ ಆರು ತಿರುವು, ಒಟ್ಟು ಹತ್ತು ಸುತ್ತು ಎಂದುಕೊಳ್ಳಿ. ಅರವತ್ತು ಸಲ ತಿರುಗಬೇಕು. ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಹತ್ತು ಮೀಟರ್. ಪ್ರತಿ ತಿರುವಿನಲ್ಲಿ ಹೆದರಿ ಬ್ರೇಕ್ ಹಿಡಿದು ಅರ್ಧ ಸೆಕೆಂಡ್ ಕಳೆದುಕೊಂಡರೆ ಐದು ಮೀಟರ್ ಹೋಯಿತು. ಅರವತ್ತು ತಿರುವಿಗೆ ಮುನ್ನೂರು ಮೀಟರ್. ಆ ಐದೈದು ಮೀಟರನ್ನು ಪ್ರತಿ ಸಲವೂ ಎದ್ದು ನಿಂತು ತುಳಿದೇ ವಾಪಸು ಪಡೆಯಬೇಕು. ಸುಸ್ತಾಗುವುದು ದೂರಕ್ಕಲ್ಲ, ಈ ಅರವತ್ತು ಜಿಗಿತಗಳಿಗೆ.

ಹಾಗಾಗಿ ತಯಾರಿಯನ್ನೂ ತಿರುವಿನಿಂದಲೇ ಶುರು ಮಾಡಬೇಕು. ಹಿಂದಿನ ದಿನ ಸಂಜೆ ಮೊದಲು ನೋಡಬೇಕಾದದ್ದು ಬ್ರೇಕ್. ಬ್ರೇಕ್ ಶೂ ಮೇಲಿನ ಗೀರುಗಳು ಸವೆದು ನುಣ್ಣಗಾಗಿದ್ದರೆ ಬದಲಿಸಿ, ಆದರೆ ರೇಸಿನ ಬೆಳಗ್ಗೆ ಅಲ್ಲ. ಹೊಸ ಶೂ ರಿಮ್ಮಿಗೆ ಹೊಂದಿಕೊಳ್ಳಲು ಒಂದಿಷ್ಟು ಓಡಬೇಕು. ಲಿವರ್ ಪೂರ್ತಿ ಒತ್ತಿದಾಗಲೂ ಹ್ಯಾಂಡಲ್ಲಿಗೂ ಲಿವರಿಗೂ ನಡುವೆ ಎರಡು ಬೆರಳು ಜಾಗ ಉಳಿಯಬೇಕು. ಉಳಿಯದಿದ್ದರೆ ವೈರ್ ಸಡಿಲವಾಗಿದೆ. ಚಕ್ರ ಎತ್ತಿ ತಿರುಗಿಸಿ ನೋಡಿ: ರಿಮ್ ಒಂದು ಕಡೆ ಶೂಗೆ ತಾಗಿ ‘ಸರ್ ಸರ್’ ಎಂದರೆ ಕಡ್ಡಿ ಬಿಗಿಮಾಡಿ ಔಟ್, ಅಂದರೆ ಚಕ್ರದ ಬೆಂಡು, ತೆಗೆಸಬೇಕು. ಬೆಂಡಾದ ಚಕ್ರದಲ್ಲಿ ಬ್ರೇಕ್ ಒಂದೇ ಸಮನೆ ಹಿಡಿಯುವುದಿಲ್ಲ, ಸುತ್ತಿಗೊಮ್ಮೆ ಕಚ್ಚುತ್ತದೆ. ವಾಲಿದ ಸೈಕಲ್ಲಿಗೆ ಅಷ್ಟು ಸಾಕು, ಜಾರಿಬಿಡಲು.

ಚೈನು ಅಳೆಯಲು ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು ಬರುತ್ತದೆ. ಮೊದಲನೆಯದನ್ನು ಸೊನ್ನೆ ಎಂದು ಎಣಿಸಬೇಕು, ಇಲ್ಲಿ ತಪ್ಪುವವರೇ ಜಾಸ್ತಿ. ಒಂದು ಹದಿನಾರನೇ ಇಂಚು ಜಾಸ್ತಿ ಬಂದರೆ ಚೈನ್ ಬದಲಿಸುವ ಸಮಯ, ಎಂಟನೇ ಒಂದು ಇಂಚು ಜಾಸ್ತಿ ಬಂದರೆ ಹಿಂಚಕ್ರದ ಹಲ್ಲುಗಳೂ ಸವೆದಿರುತ್ತವೆ. ಸವೆದ ಚೈನು ಮೆಲ್ಲಗೆ ತುಳಿಯುವಾಗ ಏನೂ ಹೇಳುವುದಿಲ್ಲ. ತಿರುವಿನಿಂದ ಹೊರಬಂದು ಎದ್ದು ತುಳಿದಾಗ ಹಲ್ಲು ಬಿಟ್ಟು ಹಾರುತ್ತದೆ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುವುದು ಆಗಲೇ.

ಬೆಳಗ್ಗೆ ರಿಪೇರಿ ಟೇಬಲ್ ಹತ್ತಿರ ಪ್ರತಿ ರೇಸಿನಲ್ಲೂ ಕೇಳುವ ಮಾತು ಒಂದೇ.

‘ಅಣ್ಣಾ, ಗಾಳಿ ಗಟ್ಟಿಯಾಗಿ ಹಾಕ್ಕೊಡಿ, ಜಾಸ್ತಿ ಓಡುತ್ತೆ.’

‘ಜಾಸ್ತಿ ಓಡಲ್ಲ ಪುಟ್ಟಿ, ಜಾಸ್ತಿ ಕುಣಿಯುತ್ತೆ. ನಿನ್ನ ತೂಕ ಎಷ್ಟು ಹೇಳು.’

ಟಯರ್ ಮಗ್ಗುಲಲ್ಲಿ ಬರೆದ ದೊಡ್ಡ ಅಂಕಿ ಅದರ ಗರಿಷ್ಠ ಮಿತಿ, ಅಷ್ಟು ಹಾಕಿಸಿ ಎಂಬ ಸಲಹೆ ಅಲ್ಲ. 70 ಕೆ.ಜಿ. ತೂಕದವರಿಗೆ 25 ಮಿ.ಮೀ. ಅಗಲದ ಟಯರಿಗೆ 80ರಿಂದ 85 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ), 28 ಮಿ.ಮೀ.ಗೆ 70ರ ಆಸುಪಾಸು, ಎರಡಿಂಚಿನ ಮೌಂಟನ್ ಬೈಕ್ ಟಯರಿಗೆ ಡಾಂಬರಿನ ಮೇಲೆ 35ರಿಂದ 40 ಸಾಕು. 50 ಕೆ.ಜಿ.ಯವರು ಇನ್ನೂ ಹತ್ತು ಇಳಿಸಬಹುದು. ರಸ್ತೆ ಒದ್ದೆ ಇದ್ದರೆ ಎಲ್ಲರೂ ಐದು ಇಳಿಸಿ. ಕಲ್ಲಿನಂತೆ ಗಟ್ಟಿಯಾದ ಟಯರು ಒರಟು ರಸ್ತೆಯಲ್ಲಿ ನೆಲ ಬಿಟ್ಟು ಪುಟಿಯುತ್ತದೆ. ಗಾಳಿಯಲ್ಲಿರುವ ಟಯರಿಗೆ ಹಿಡಿತವೆಲ್ಲಿಯದು? ಇನ್ನೊಂದು ಕಿರಿಕಿರಿ ವಾಲ್ವಿನದು. ರೋಡ್ ಬೈಕುಗಳ ತೆಳು ವಾಲ್ವಿಗೆ ಪೆಟ್ರೋಲ್ ಬಂಕಿನ ಗಾಳಿ ಪೈಪು ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ವಾಲ್ವಿನ ತುದಿಯ ಚಿಕ್ಕ ನಟ್ ಸಡಿಲಿಸದೆ ಪಂಪ್ ಒತ್ತಿದರೆ ಗಾಳಿ ಒಳಗೆ ಹೋಗುವುದಿಲ್ಲ.

ಊಟದ ವಿಚಾರ ಬಹಳ ಇಲ್ಲ. ಒಂದು ಗಂಟೆಯೊಳಗೆ ಮುಗಿಯುವ ರೇಸಿಗೆ ದಾರಿಯಲ್ಲಿ ತಿನ್ನಬೇಕಿಲ್ಲ. ಎರಡು ಎರಡೂವರೆ ಗಂಟೆ ಮುಂಚೆ ನಾಲ್ಕು ಇಡ್ಲಿ ಅಥವಾ ಎರಡು ಬಾಳೆಹಣ್ಣು, ಸೈಕಲ್ಲಿಗೆ ಅರ್ಧ ಲೀಟರ್ ನೀರು. ಆ ದಿನ ಹೊಸದೇನನ್ನೂ ತಿನ್ನಬೇಡಿ.

ನಂಬರ್ ಬಟ್ಟೆಗೆ ನಾಲ್ಕು ಮೂಲೆಗೆ ನಾಲ್ಕು ಪಿನ್ ಸಾಲದು. ಮೇಲೆ ಕೆಳಗೆ ನಡುವೆ ಒಂದೊಂದು ಸೇರಿಸಿ ಆರು ಹಾಕಿ, ಇಲ್ಲದಿದ್ದರೆ ಗಾಳಿಗೆ ಬಲೂನಿನಂತೆ ಉಬ್ಬುತ್ತದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ, ಪಟ್ಟಿ ಕಿವಿಯ ಕೆಳಗೆ ವಿ ಆಕಾರ, ಗದ್ದದಡಿ ಒಂದು ಬೆರಳು ಮಾತ್ರ ತೂರಬೇಕು. ಹಣೆ ಕಾಣುವಂತೆ ಹಿಂದಕ್ಕೆ ಸರಿಸಿಕೊಂಡ ಹೆಲ್ಮೆಟ್ಟಿನಿಂದ ಹಣೆಗೆ ರಕ್ಷಣೆ ಇಲ್ಲ.

ಸ್ಟಾರ್ಟಿಗೆ ಅರ್ಧ ಗಂಟೆ ಇರುವಾಗ ಮಾಡಲೇಬೇಕಾದ ಕೆಲಸ ಒಂದಿದೆ: ರಸ್ತೆಯನ್ನು ಒಂದು ಸುತ್ತು ಮೆಲ್ಲಗೆ ತುಳಿದು ನೋಡುವುದು. ಮೈ ಬಿಸಿಯಾದಂತೆಯೂ ಆಯಿತು. ಈ ಊರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಬೆಳಗಿನ ಚಳಿಗೆ ಕಾಲು ಬಿಗಿದಿರುತ್ತದೆ. ಹದಿನೈದು ಇಪ್ಪತ್ತು ನಿಮಿಷ ತುಳಿಯದೆ ಗೆರೆಗೆ ಬಂದರೆ ಮೊದಲ ಸುತ್ತಿನಲ್ಲೇ ಎದೆ ಉರಿಯುತ್ತದೆ. ಸುತ್ತುವಾಗ ಪ್ರತಿ ತಿರುವಿನಲ್ಲೂ ಕಣ್ಣಿಡಬೇಕಾದದ್ದು ನೆಲಕ್ಕೆ. ಮ್ಯಾನ್‌ಹೋಲ್ ಮುಚ್ಚಳ ಎಲ್ಲಿದೆ, ಜೀಬ್ರಾ ಪಟ್ಟೆ ತಿರುವಿನೊಳಗೆ ಬರುತ್ತದೆಯೋ ಹೊರಗೋ, ಚರಂಡಿ ಜಾಲರಿಯ ಸಂದು ಚಕ್ರದ ದಿಕ್ಕಿಗೇ ಇದೆಯೋ ಅಡ್ಡಕ್ಕಿದೆಯೋ. ಬಸ್ಸುಗಳು ನಿಲ್ಲುವ ಕಡೆ ಡೀಸೆಲ್ ತೊಟ್ಟಿಕ್ಕಿರುತ್ತದೆ. ಒದ್ದೆ ನೆಲದ ಮೇಲೆ ಬಣ್ಣಬಣ್ಣದ ಹೊಳಪು ಕಂಡರೆ ಅದೇ. ತೋಟದಿಂದ ಬರುವ ಟ್ರ್ಯಾಕ್ಟರುಗಳು ಉದುರಿಸಿದ ಕೆಮ್ಮಣ್ಣು ತಿರುವಿನ ಹೊರ ಅಂಚಿಗೆ ಸೇರಿರುತ್ತದೆ. ಹನುಮಂತಪ್ಪ ವೃತ್ತದಂಥ ಅಗಲವಾದ ಕಡೆ ಜಾಗ ಧಾರಾಳವಾಗಿದೆ ಎಂದು ಅನಿಸುತ್ತದೆ, ಆದರೆ ಬ್ಯಾರಿಕೇಡ್ ಇಟ್ಟ ಮೇಲೆ ಎಷ್ಟು ಉಳಿಯಿತು ಎಂಬುದೇ ಲೆಕ್ಕ.

ಗೆರೆಯ ಮೇಲೆ ನಿಂತಾಗ ಗೇರ್ ನಡುವಿನಲ್ಲಿರಲಿ. ದೊಡ್ಡ ಗೇರಿನಲ್ಲಿ ನಿಂತವರು ಶಿಳ್ಳೆ ಹೊಡೆದ ಮೇಲೆ ಮೂರು ತುಳಿತ ಒದ್ದಾಡುತ್ತಾರೆ, ಅಷ್ಟರಲ್ಲಿ ಇಪ್ಪತ್ತು ಜನ ಮುಂದೆ. ಗೇರಿಲ್ಲದ ಮಾಮೂಲಿ ಸೈಕಲ್ ತಂದವರೂ ಎದೆಗುಂದಬೇಕಿಲ್ಲ. ಮುಂದೆ 44, ಹಿಂದೆ 18 ಹಲ್ಲಿದ್ದು ಚಕ್ರದ ಸುತ್ತಳತೆ 2.2 ಮೀಟರ್ ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 29 ಕಿ.ಮೀ. ಅವರ ವಿಭಾಗದಲ್ಲಿ ಅದು ಒಳ್ಳೆಯ ವೇಗವೇ. ಪೆಡಲಿನ ಕಾಲನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ ಬಿಗಿಯಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಸಡಿಲವಾದರೆ ಪ್ರತಿ ತುಳಿತಕ್ಕೂ ಪೆಡಲ್ ‘ಟಕ್’ ಎಂದು ಜಾರುತ್ತದೆ.

ಗುಂಪಿನೊಳಗೆ ಸೇರಿದ ಮೇಲೆ ಮುಂದಿನವರ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗುವುದೇ ಜಾಣತನ. 35 ಕಿ.ಮೀ. ವೇಗದಲ್ಲಿ ಹೀಗೆ ಹೋದರೆ ಮೂರನೇ ಒಂದು ಭಾಗದ ಹತ್ತಿರ ಶ್ರಮ ಉಳಿಯುತ್ತದೆ. ಮೊದಲ ಸಲದವರು ಒಂದು ಮೀಟರ್ ಅಂತರ ಇಟ್ಟುಕೊಂಡರೆ ಸಾಕು, ಅಭ್ಯಾಸವಾದವರು ಅರ್ಧ ಮೀಟರಿಗೆ ಬರುತ್ತಾರೆ. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಎಂದಿಗೂ ಹೋಗಬಾರದು. ಅವರು ಒಂದು ಗೇಣು ಸರಿದರೂ ಚಕ್ರಕ್ಕೆ ಚಕ್ರ ಉಜ್ಜಿ ಬೀಳುವವರು ನೀವು, ಅವರಿಗೆ ಏನೂ ಆಗುವುದಿಲ್ಲ. ಕಣ್ಣು ಅವರ ಚಕ್ರದ ಮೇಲಲ್ಲ, ಭುಜದ ಆಚೆಗೆ ಇರಲಿ. ಗುಂಪಿನ ತೀರಾ ಹಿಂದೆ ಉಳಿಯುವುದು ಸುರಕ್ಷಿತ ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿದೆ. ಅದು ತಪ್ಪು. ಮುಂದಿನವರು ತಿರುವಿನಿಂದ ಹೊರಬಂದು ವೇಗ ಹಿಡಿಯುವಾಗ ಹಿಂದಿನವರು ಇನ್ನೂ ಬ್ರೇಕ್ ಹಿಡಿದು ಸಾಲಿನಲ್ಲಿರುತ್ತಾರೆ. ರಬ್ಬರ್ ಪಟ್ಟಿಯಂತೆ ಸಾಲು ಎಳೆಯುತ್ತದೆ. ಕೊನೆಯವರ ಜಿಗಿತವೇ ಎಲ್ಲರಿಗಿಂತ ದೊಡ್ಡದು. ಮೊದಲ ಮೂರನೇ ಒಂದು ಭಾಗದೊಳಗೆ ಇದ್ದುಬಿಡಿ.

ಇನ್ನು ತಿರುವು. ನಿರ್ಧಾರವಾಗುವುದು ತಿರುವಿನೊಳಗಲ್ಲ, ಅದಕ್ಕೆ ಮುಂಚಿನ ಹತ್ತು ಮೀಟರಿನಲ್ಲಿ. ಬ್ರೇಕ್ ಹಿಡಿಯುವುದು, ಗೇರ್ ಒಂದೆರಡು ಇಳಿಸುವುದು, ಎರಡೂ ಸೈಕಲ್ ನೆಟ್ಟಗಿರುವಾಗಲೇ ಮುಗಿಯಬೇಕು. ಟಯರಿನ ಹಿಡಿತ ಒಂದು ಸೇರು ಅಕ್ಕಿ ಇದ್ದ ಹಾಗೆ. ಬ್ರೇಕಿಗೆ ಅಳೆದುಕೊಟ್ಟಷ್ಟು ವಾಲುವುದಕ್ಕೆ ಕಡಿಮೆಯಾಯಿತು. ಹನ್ನೆರಡು ಮೀಟರ್ ತ್ರಿಜ್ಯದ ತಿರುವನ್ನು 28 ಕಿ.ಮೀ. ವೇಗದಲ್ಲಿ ತೆಗೆದರೆ ಸುಮಾರು 27 ಡಿಗ್ರಿ ವಾಲಬೇಕು, 32ರಲ್ಲಿ 34 ಡಿಗ್ರಿ. ನಾಲ್ಕೇ ಕಿಲೋಮೀಟರ್ ವೇಗಕ್ಕೆ ಏಳು ಡಿಗ್ರಿ! ಒದ್ದೆ ರಸ್ತೆಯಲ್ಲಿ 24ಕ್ಕೆ ಇಳಿಸಿದರೆ 21 ಡಿಗ್ರಿ ಸಾಕು. ಒಳಗಿನ ಪೆಡಲ್ ಮೇಲೆ, ಹೊರಗಿನ ಪೆಡಲ್ ಕೆಳಗೆ, ಮೈಭಾರವೆಲ್ಲ ಆ ಹೊರಗಿನ ಕಾಲಿಗೆ. ಒಳ ಪೆಡಲ್ ಕೆಳಗಿದ್ದರೆ ನೆಲಕ್ಕೆ ಬಡಿದು ಹಿಂಚಕ್ರವನ್ನೇ ಎತ್ತಿಬಿಡುತ್ತದೆ. ಒಬ್ಬರೇ ಇದ್ದಾಗ ಹೊರಗಿನಿಂದ ಒಳಕ್ಕೆ, ಮತ್ತೆ ಹೊರಕ್ಕೆ ಹೋಗುವ ದಾರಿ ಸರಿ. ಗುಂಪಿನಲ್ಲಿ ಆ ಸ್ವಾತಂತ್ರ್ಯ ಇಲ್ಲ: ಹೊರಗಿನಿಂದ ಬಂದವರು ಹೊರಗೇ, ಒಳಗಿನವರು ಒಳಗೇ. ಮಧ್ಯದಲ್ಲಿ ಅಡ್ಡ ಕತ್ತರಿಸುವವರೇ ನಾಲ್ಕು ಜನರನ್ನು ಉರುಳಿಸುವುದು.

ಒದ್ದೆ ರಿಮ್ಮಿನಲ್ಲಿ ಬ್ರೇಕ್ ಚಕ್ರದ ಮೊದಲ ಎರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಅಂದರೆ ನಾಲ್ಕೈದು ಮೀಟರ್. ಆದ್ದರಿಂದ ತಿರುವು ಬರುವ ಮೊದಲೇ ಹಗುರವಾಗಿ ಶೂ ತಾಗಿಸಿ ರಿಮ್ ಒಣಗಿಸಿಟ್ಟುಕೊಳ್ಳಿ. ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ ದಾಟಲೇಬೇಕಾದರೆ ಸೈಕಲ್ ನೆಟ್ಟಗೆ ಮಾಡಿ, ಬ್ರೇಕ್ ಬಿಟ್ಟು ದಾಟಿ. ಹಂಪ್ ಬಂದರೆ ಮೊಣಕೈ ಮಡಿಸಿ, ಸೀಟಿನಿಂದ ಸ್ವಲ್ಪ ಎದ್ದು ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟುಬಿಡಿ, ಮುಂಚಕ್ರದ ಬ್ರೇಕ್ ಮುಟ್ಟಬೇಡಿ.

ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಆಗ ಎಲ್ಲರಿಗೂ ಒಮ್ಮೆಲೇ ಮುಂದೆ ಬರಬೇಕು, ಗುಂಪು ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ಮೊಣಕೈ ತಾಗುತ್ತವೆ. ಮೊದಲ ರೇಸಿನವರು ಅಂಚಿಗೆ ಹೋಗಿ ಬ್ಯಾರಿಕೇಡಿಗೂ ಗುಂಪಿಗೂ ನಡುವೆ ಸಿಕ್ಕಿಕೊಳ್ಳಬಾರದು. ಸ್ಪ್ರಿಂಟ್ ತುಳಿಯುವಾಗ ಕೈ ಹ್ಯಾಂಡಲ್ಲಿನ ಕೆಳ ಹಿಡಿಯಲ್ಲಿರಲಿ, ದಾರಿ ನೇರವಿರಲಿ; ತಲೆ ತಗ್ಗಿಸಿ ತುಳಿಯಬೇಡಿ. ಗೆರೆಗೆ ಮುಂಚಕ್ರದ ತುದಿ ತಾಗಿದ ಕ್ಷಣವೇ ಲೆಕ್ಕ, ಹಾಗಾಗಿ ಕೊನೆಯ ಮೀಟರಿನಲ್ಲಿ ತೋಳು ಚಾಚಿ ಸೈಕಲ್ಲನ್ನು ಮುಂದಕ್ಕೆ ತಳ್ಳುತ್ತಾರೆ. ದಾಟಿದ ಮೇಲೆ ಬ್ರೇಕ್ ಹಿಡಿಯಬೇಡಿ. ಹಿಂದೆ ಬರುವವರಿನ್ನೂ ಪೂರ್ತಿ ವೇಗದಲ್ಲಿದ್ದಾರೆ. ನೂರು ಮೀಟರ್ ನೇರ ಹೋಗಿ, ಆಮೇಲೆ ಬದಿಗೆ ಸರಿಯಿರಿ.

ಮನೆಗೆ ಬಂದ ಮೇಲೆ ಸ್ನಾನಕ್ಕೆ ಮುಂಚೆ ಸೈಕಲ್. ಚೈನಿನ ನೀರು ಒಣಬಟ್ಟೆಯಲ್ಲಿ ಒರೆಸಿ, ಪ್ರತಿ ಪಿನ್ನಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ಬ್ರೇಕ್ ಶೂ ಬಿಚ್ಚಿ ಬೆಳಕಿಗೆ ಹಿಡಿದರೆ ಒದ್ದೆ ರಸ್ತೆಯ ಮರಳ ಕಣಗಳು ರಬ್ಬರಿನಲ್ಲಿ ಕಚ್ಚಿಕೊಂಡು ಮಿನುಗುತ್ತವೆ. ಸೂಜಿಯಿಂದ ಒಂದೊಂದನ್ನೂ ಕಿತ್ತು ತೆಗೆಯಬೇಕು, ಬಿಟ್ಟರೆ ಮುಂದಿನ ಭಾನುವಾರದೊಳಗೆ ರಿಮ್ ಕೊರೆದಿರುತ್ತವೆ.