ಚೀಟಿಯಲ್ಲಿ ಬಂದ ಮುಳುಗಡೆ

ಶನಿವಾರ ಮಧ್ಯಾಹ್ನ ನಮ್ಮ ಮೇಜಿಗೆ ಒಂದು ಹಳದಿ ಚೀಟಿ ಬಂತು. "ಹಿನ್ನೀರು ಏರುತ್ತಿದೆ. 12 ಹಳ್ಳಿ ಖಾಲಿ ಮಾಡಿಸಬೇಕು. 48 ಗಂಟೆ ಸಮಯ." ನಮ್ಮ ಲೆಕ್ಕದಲ್ಲಿ 48 ಗಂಟೆ ಅಂದರೆ 20 ನಿಮಿಷ.

ನಾನು ಓದುತ್ತಿರುವುದು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ, ಅಂತರರಾಷ್ಟ್ರೀಯ ನ್ಯಾಯಾಲಯ ಇರುವ ಊರು. ಕಳೆದ ವಾರ ನಮಗೆ ಎರಡು ದಿನದ ರಾಜಕೀಯ ಬಿಕ್ಕಟ್ಟಿನ ಸಿಮ್ಯುಲೇಷನ್, ಅಂದರೆ ಪಾತ್ರ ಹಂಚಿಕೊಂಡು ಆಡುವ ಅಣಕು ಆಟ ಇತ್ತು. ಎರಡು ಕಾಲ್ಪನಿಕ ದೇಶ, ಒಂದು ನದಿ. ಮೇಲಿನ ದೇಶ ಅಣೆಕಟ್ಟಿನ ಗೇಟು ಇಳಿಸಿದೆ. ಕೆಳಗಿನ ದೇಶ ಗಡಿಗೆ ಸೈನ್ಯ ಕಳಿಸಿದೆ. ಒಬ್ಬೊಬ್ಬರಿಗೂ ಒಂದು ಪಾತ್ರ, ಜೊತೆಗೆ ಯಾರಿಗೂ ತೋರಿಸಬಾರದ ಗುಟ್ಟಿನ ಸೂಚನೆ. ಪಕ್ಕದ ಕೋಣೆಯ ಕಂಟ್ರೋಲ್ ತಂಡ ಆಗಾಗ ಚೀಟಿ ಕಳಿಸಿ ಪರಿಸ್ಥಿತಿ ಬಿಗಿ ಮಾಡುತ್ತಾ ಹೋಗುತ್ತದೆ. ನಾನು ಮೇಲಿನ ದೇಶದ ನೀರಾವರಿ ಮಂತ್ರಿ.

ತಯಾರಿಗೆ ಡ್ಯಾನ್ಯೂಬ್ ನದಿಯ ಜಗಳ ಓದಿದ್ದೆವು. ಹಂಗೆರಿ ಮತ್ತು ಚೆಕೊಸ್ಲೊವಾಕಿಯ 1977ರಲ್ಲಿ ಒಟ್ಟಿಗೆ ಅಣೆಕಟ್ಟು ಕಟ್ಟಲು ಒಪ್ಪಿದವು. 1989ರಲ್ಲಿ ಹಂಗೆರಿ ಕೆಲಸ ನಿಲ್ಲಿಸಿತು. 1992ರಲ್ಲಿ ಆ ಕಡೆಯವರು ನದಿಯನ್ನೇ ತಿರುಗಿಸಿದರು. ಹೇಗ್‌ನ ಈ ಕೋರ್ಟು 1997ರಲ್ಲಿ, ಇಬ್ಬರದ್ದೂ ತಪ್ಪಿದೆ, ಕೂತು ಮಾತಾಡಿಕೊಳ್ಳಿ ಎಂದಿತು.

"ಲಾರಿ ಕಳಿಸಿ ಖಾಲಿ ಮಾಡಿಸೋಣ, ಮುಂದಿನ ವಿಷಯ" ಎಂದ ಪ್ರಧಾನಿ ಪಾತ್ರದ ಗೆಳೆಯ. ಒಳ್ಳೆಯ ಹುಡುಗ. ಅವನ ಗಮನವೆಲ್ಲ ಗಡಿಯ ಮೇಲಿತ್ತು. ನನಗೆ ಮಾತ್ರ ಆ ಚೀಟಿ ಕೆಳಗಿಡಲು ಆಗಲಿಲ್ಲ.

ನಮ್ಮದು ಸಾಗರದ ಕಡೆಯ ಮುಳುಗಡೆ ಮನೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಆದಾಗ ಅಜ್ಜಿ ಹೊಸ ಮದುಮಗಳು. ಬಿತ್ತನೆ ಭತ್ತ, ದೇವರ ಪೆಟ್ಟಿಗೆ, ಒರಳುಕಲ್ಲು ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆ ಬಂದರು. ಇಳಿಸುವಾಗ ಒರಳಿನ ಅಂಚು ಒಡೆಯಿತು. ಈಗಲೂ ಅದು ನಮ್ಮ ಹಿತ್ತಲಲ್ಲಿದೆ. ಒಡೆದ ಜಾಗ ಮುಟ್ಟಿದರೆ ನುಣ್ಣಗಾಗಿದೆ, ಅಷ್ಟು ವರ್ಷ ಅಜ್ಜಿ ಅಲ್ಲೇ ಕೈ ಊರಿದ್ದಾಳೆ. ಕರೆಂಟು ಊರೂರಿಗೆ ಹೋಯಿತು. ಎಷ್ಟೋ ಮುಳುಗಡೆ ಕುಟುಂಬಗಳು ಹಕ್ಕುಪತ್ರಕ್ಕೆ ಇನ್ನೂ ಓಡಾಡುತ್ತಿವೆ. ಆ ಹಿನ್ನೀರಿಗೆ ಸಿಗಂದೂರು ಸೇತುವೆ ಆಗಿದ್ದೇ 2025ರಲ್ಲಿ. ಅಲ್ಲಿಯ ತನಕ ಆಚೆ ದಡದ ತುಮರಿ ಕಡೆಯವರಿಗೆ ಲಾಂಚ್ ತಪ್ಪಿದರೆ ಸುತ್ತು ದಾರಿಯೇ ಗತಿ.

ಕಂಟ್ರೋಲ್ ತಂಡಕ್ಕೆ ಬರೆದು ಕಳಿಸಿದೆ. ಇದು ಯಾವ ತಿಂಗಳು? ಗದ್ದೆಯಲ್ಲಿ ಪೈರಿದೆಯಾ? ದನಕರು ಎಷ್ಟು? ಇವರಿಗೆ ಬದಲಿ ಜಾಗ ಎಲ್ಲಿ? ಅವರ ಹತ್ತಿರ ಉತ್ತರ ಇರಲಿಲ್ಲ. ಹತ್ತು ನಿಮಿಷ ಕೂತು ಹೊಸ ಚೀಟಿ ಮಾಡಿದರು. "ಕೊಯ್ಲಿಗೆ ಆರು ವಾರ ಇದೆ. ಬದಲಿ ಜಾಗ ಗುರುತಿಸಿಲ್ಲ."

ಅದನ್ನು ಓದಿದಾಗಲೇ ನನಗೆ ಹೊಳೆದದ್ದು. ಆರು ವಾರ ಗೇಟು ಎತ್ತಿಟ್ಟರೆ ಹಳ್ಳಿಯವರ ಪೈರು ಉಳಿಯುತ್ತದೆ, ಕೆಳಗಿನ ದೇಶಕ್ಕೆ ನೀರೂ ಹೋಗುತ್ತದೆ. ಬೆಳಿಗ್ಗೆಯಿಂದ ಎರಡು ಜಗಳ ಅಂದುಕೊಂಡಿದ್ದೆವು, ಇದ್ದದ್ದು ಒಂದೇ ಗೇಟು. ಸಂಜೆಯ ಹೊತ್ತಿಗೆ ಆ ಕಡೆಯವರು ಸೈನ್ಯ ಹಿಂದೆ ತೆಗೆಯಲು ಒಪ್ಪಿದರು.

ನನ್ನ ಗುಟ್ಟಿನ ಸೂಚನೆಯಲ್ಲಿ "ಈ ವರ್ಷವೇ ಜಲಾಶಯ ತುಂಬಿಸಿ" ಎಂದಿತ್ತು. ಅದನ್ನು ಮೀರಿದೆ. ಕೊನೆಯ ಚರ್ಚೆಯಲ್ಲಿ ಇದಕ್ಕೆ ಆಕ್ಷೇಪ ಬಂತು, ಮಂತ್ರಿ ಸರ್ಕಾರದ ಮಾತು ಮೀರಬಹುದಾ ಎಂದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ 12 ಹಳ್ಳಿಯವರೂ ಅದೇ ಸರ್ಕಾರದ ಜನ ಅಲ್ವಾ ಎಂದೆ.

ಭಾನುವಾರ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪನಿಗೆ ಖುಷಿಯಾಯಿತು. ಅಜ್ಜಿ ಫೋನ್ ಇಸಕೊಂಡು ಕೇಳಿದಳು, "ಕೊಯ್ಲು ಮುಗಿದ ಮೇಲೆ ಅವರು ಎಲ್ಲಿಗೆ ಹೋದ್ರು ಮಾರಾಯ್ತಿ?"

ಅಷ್ಟರೊಳಗೆ ನಮ್ಮ ಆಟ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಅಜ್ಜಿಯ ಪ್ರಶ್ನೆಯನ್ನು ಹಳದಿ ಚೀಟಿಯಲ್ಲೇ ಬರೆದು ಮೇಷ್ಟ್ರಿಗೆ ಕೊಟ್ಟೆ. ಮುಂದಿನ ಬ್ಯಾಚಿನ ಚೀಟಿಗಳ ಜೊತೆ ಇದನ್ನೂ ಇಟ್ಟುಕೊಳ್ಳಿ ಎಂದು ಕೇಳಿಕೊಂಡೆ.